ಪ್ರಶ್ನೆಯನ್ನು ಪೂರ್ತಿ ಓದಿ

ಕಳೆದ ರಜೆಯಲ್ಲಿ ಒಂದು ಹೊಸ ಲ್ಯಾಪ್‌ಟಾಪ್ ಕೊಂಡೆ. ಅದರಲ್ಲಿ ವಿಂಡೋಸ್ 11 ಇತ್ತು. ನಮ್ಮ ಕಾಸರಗೋಡಿನ ಶಾಲೆಗಳ ಲ್ಯಾಬಿನಲ್ಲಿರುವುದು ಉಬುಂಟು ಆಧಾರಿತ ಲಿನಕ್ಸ್. ಶಾಲೆಯಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಆದರೆ ಪಾಠಕ್ಕೆ ತಯಾರಿ ಮಾಡುವುದು ಕಷ್ಟ. ಹಾಗಾಗಿ ಎರಡೂ ಇರಲಿ ಎಂದು ಉಬುಂಟು 22.04 ಅನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ರಾತ್ರಿ ಊಟ ಮುಗಿಸಿ ಕುಳಿತೆ.

ಟಿಸಿಎಚ್ ಓದುವಾಗ ಕಂಪ್ಯೂಟರ್ ಮುಟ್ಟಿಯೂ ನೋಡದ ನಾನು ಇದನ್ನೆಲ್ಲ ಕಲಿತದ್ದು ಲ್ಯಾಬಿನ ಮಕ್ಕಳೊಟ್ಟಿಗೆ. ಹಳೆಯ ಕಂಪ್ಯೂಟರುಗಳಿಗೆ ಎಷ್ಟೋ ಸಲ ಲಿನಕ್ಸ್ ಹಾಕಿದ್ದೇನೆ. ಅರ್ಧ ಗಂಟೆಯ ಕೆಲಸ ಎಂಬ ಧೈರ್ಯ.

ಆದರೆ ಇನ್‌ಸ್ಟಾಲ್ ನಡುವೆಯೇ ನಿಂತಿತು. ಈ ಕಂಪ್ಯೂಟರಿನಲ್ಲಿ ಆರ್‌ಎಸ್‌ಟಿ ಬಳಕೆಯಲ್ಲಿದೆ, ಅದನ್ನು ಆಫ್ ಮಾಡಬೇಕು ಎಂದು ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂತು. ಡಿಸ್ಕನ್ನು ನೋಡಿಕೊಳ್ಳುವ ಒಂದು ವ್ಯವಸ್ಥೆ ಈ ಆರ್‌ಎಸ್‌ಟಿ. ಅದು ಆನ್ ಇದ್ದರೆ ಲಿನಕ್ಸಿಗೆ ಡಿಸ್ಕ್ ಕಾಣುವುದಿಲ್ಲ. ಇಷ್ಟೇ ತಾನೇ ಎಂದು ಬಯೋಸ್ ಒಳಗೆ ಹೋಗಿ, ಆರ್‌ಎಸ್‌ಟಿ ಇದ್ದಲ್ಲಿ ಎಎಚ್‌ಸಿಐ ಎಂದು ಬದಲಿಸಿ ಸೇವ್ ಮಾಡಿದೆ.

ವಿಂಡೋಸ್ ಸರಿ ಇದೆಯೋ ನೋಡೋಣ ಎಂದು ತೆರೆದರೆ ನೀಲಿ ಪರದೆ! 48 ಅಂಕಿಗಳ ಬಿಟ್‌ಲಾಕರ್ ಕೀ ಕೊಡಿ ಎನ್ನುತ್ತಿದೆ. ಯಾವ ಕೀ ಮಾರಾಯ್ರೇ? ಡಿಸ್ಕಿಗೆ ಬೀಗ ಬಿದ್ದಿದೆ ಎಂದೇ ನನಗೆ ಗೊತ್ತಿರಲಿಲ್ಲ.

ಕೈಕಾಲು ತಣ್ಣಗಾಯಿತು. ಹಳೆಯ ಲ್ಯಾಪ್‌ಟಾಪ್ ಕೆಡುವ ಮೊದಲು ಅದರಲ್ಲಿದ್ದುದನ್ನೆಲ್ಲ ಇದಕ್ಕೆ ಹಾಕಿದ್ದೆ, ಬೇರೆ ಪ್ರತಿ ಇರಲಿಲ್ಲ. ಹದಿನಾಲ್ಕು ವರ್ಷಗಳ ನೋಟ್ಸು, ಪ್ರಶ್ನೆಪತ್ರಿಕೆಗಳು! ನಮ್ಮ ಮಕ್ಕಳು ಓದುವುದು ಕೇರಳದ ಸಿಲೆಬಸ್, ಭಾಷೆ ಮಾತ್ರ ಕನ್ನಡ. ಮಂಗಳೂರಿನಲ್ಲಿ ಸಿಗುವ ಕನ್ನಡ ಗೈಡು ಕರ್ನಾಟಕದ ಸಿಲೆಬಸ್ಸಿನದು. ಇಲ್ಲಿಯ ಅಂಗಡಿಯಲ್ಲಿ ಸಿಗುವುದು ಮಲಯಾಳದ್ದು. ನಡುವೆ ಇರುವುದು ನಾವು ಮೇಷ್ಟ್ರುಗಳು ಟೈಪ್ ಮಾಡಿಕೊಂಡದ್ದು ಮಾತ್ರ. ಅದು ಹೋದರೆ ದುಡ್ಡು ಕೊಟ್ಟರೂ ಸಿಗದು.

ಹೆಂಡತಿ ಬಂದು, "ಏನು ಬದಲಾಯಿಸಿದಿರೋ ಅದನ್ನೇ ಮೊದಲಿನ ಹಾಗೆ ಮಾಡಿ ನೋಡಿ" ಎಂದಳು. ಬಯೋಸಿನಲ್ಲಿ ಪುನಃ ಆರ್‌ಎಸ್‌ಟಿ ಮಾಡಿದೆ. ಪುಣ್ಯಕ್ಕೆ ವಿಂಡೋಸ್ ತೆರೆಯಿತು! ಮೊದಲು ಮಾಡಿದ ಕೆಲಸ, ಎಲ್ಲ ಫೈಲುಗಳನ್ನೂ ಇನ್ನೊಂದು ಪೆನ್‌ಡ್ರೈವಿಗೆ ಹಾಕಿದ್ದು. ಆಮೇಲೆ ನಿದ್ದೆ.

ಮರುದಿನ ಅದೇ ಸಂದೇಶವನ್ನು ನಿಧಾನಕ್ಕೆ ಓದಿದೆ. ಕೆಳಗೆ ಇನ್ನೊಂದು ಸಾಲು ಇತ್ತು. ಹೇಗೆ ಆಫ್ ಮಾಡಬೇಕೆಂಬ ವಿವರ ಇಂಥ ಪುಟದಲ್ಲಿದೆ, ಫೋನಿನಲ್ಲಿ ತೆರೆದು ಓದಿ ಎಂದು. ನಾನು ಅರ್ಧ ಓದಿ ಓಡಿದ್ದೆ. "ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ" ಎಂದು ಪ್ರತಿ ಪರೀಕ್ಷೆಯಲ್ಲೂ ಮಕ್ಕಳಿಗೆ ಹೇಳುವವನು ನಾನೇ!

ಸರಿಯಾದ ಕ್ರಮ ಹೀಗೆ. ನಿಮಗೂ ಉಪಯೋಗವಾದೀತು.

1. ಫೈಲುಗಳ ಇನ್ನೊಂದು ಪ್ರತಿ ಹೊರಗೆ ಇಡಿ.
2. ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಬಿಟ್‌ಲಾಕರ್ ಕೀ ಬರೆದುಕೊಳ್ಳಿ. ನನ್ನದು ಅಲ್ಲೇ ಇತ್ತು.
3. ವಿಂಡೋಸ್ ಸೆಟ್ಟಿಂಗ್ಸಿನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿ, ಅದು ಮುಗಿಯುವವರೆಗೆ ಕಾಯಿರಿ. ಲಿನಕ್ಸಿಗೆ ಬೇಕಾದ ಖಾಲಿ ಜಾಗವನ್ನೂ ಆಗಲೇ ಮಾಡಿಕೊಳ್ಳಿ.
4. ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಮಾಡುತ್ತಾ ನೇರ ಬಯೋಸಿಗೆ ಹೋಗಿ ಎಎಚ್‌ಸಿಐ ಮಾಡಿ.
5. ವಿಂಡೋಸ್ ಸೇಫ್ ಮೋಡಿನಲ್ಲಿ ತೆರೆದ ಮೇಲೆ ಆ ಟಿಕ್ ತೆಗೆಯಿರಿ.

ಆಮೇಲೆ ಪೆನ್‌ಡ್ರೈವ್ ಹಾಕಿದರೆ ಡಿಸ್ಕ್ ಕಂಡಿತು. ಉಬುಂಟು ಅರ್ಧ ಗಂಟೆಯಲ್ಲೇ ಕುಳಿತಿತು. ಕನ್ನಡ ಕೀಬೋರ್ಡ್ ಸೇರಿಸಿ ಮೊದಲು ಟೈಪ್ ಮಾಡಿದ್ದು ಮೇಲಿನ ಐದು ಸಾಲುಗಳನ್ನೇ. ಪ್ರಿಂಟ್ ತೆಗೆದು ಲ್ಯಾಬಿನ ಗೋಡೆಗೆ ಅಂಟಿಸಿದ್ದೇನೆ.

ಏಳನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ಓದಿ, "ಸರ್, ಒಂದನೆಯದ್ದನ್ನು ನೀವು ಮಾಡಿರಲಿಲ್ಲವಾ?" ಎಂದು ಕೇಳಿದಳು. ಪೂರ್ತಿ ಓದುವವರು ಇದ್ದಾರೆ ಎಂದು ಖುಷಿಯಾಯಿತು. ಉತ್ತರ ಮಾತ್ರ ಹೇಳಲಿಲ್ಲ!