ಸೇಡಂ ಕಡೆಯವರೊಬ್ಬರು ಕೇಳಿದ ಪ್ರಶ್ನೆ

ಸಲ್ಮಾಬಾದಿನ ಕಾರ್ಮಿಕ ವಸತಿಯೊಂದರಲ್ಲಿ ನಾವು ನಡೆಸುವ ಶುಕ್ರವಾರದ ಉಚಿತ ತಪಾಸಣೆಗೆ ಬರುವವರಲ್ಲಿ ಹೆಚ್ಚಿನವರದು ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಬೆನ್ನುನೋವು. ಆ ದಿನ ಬಂದ ಸೇಡಂ ತಾಲ್ಲೂಕಿನ ಹಿರಿಯರೊಬ್ಬರು ಮಾತ್ರ ಎರಡನೆಯ ಮಹಡಿಗೆ ಹತ್ತುವಷ್ಟರಲ್ಲಿ ಎದೆ ಹಿಡಿದಂತಾಗುತ್ತದೆ, ನಿಂತರೆ ಬಿಡುತ್ತದೆ ಎಂದರು. ಇಸಿಜಿ ನೋಡಿದ ಮೇಲೆ ನಮಗೆ ಸಮಾಧಾನವಾಗಲಿಲ್ಲ. ಆಸ್ಪತ್ರೆಗೆ ಕಳುಹಿಸಿದೆವು. ಸದ್ಯಕ್ಕೆ ಅಪಾಯವಿಲ್ಲ, ಆದರೆ ತಡಮಾಡದೆ ಆಂಜಿಯೋಗ್ರಾಂ ಆಗಬೇಕು, ಬಹುಶಃ ಸ್ಟೆಂಟ್ ಹಾಕಬೇಕಾದೀತು ಎಂಬ ಅಭಿಪ್ರಾಯ ಬಂತು. ಇಲ್ಲಿ ಆಗುವ ಖರ್ಚನ್ನು ಅವರು ತಮ್ಮ ಸಂಬಳದ ತಿಂಗಳುಗಳಲ್ಲಿ ಎಣಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಡಾಕ್ಟ್ರೇ, ಊರಿಗಿ ಹೋದ್ರ ಆ ಕಾರ್ಡ್ ನಡೀತದೇನ್ರೀ?"

ಅವರು ಕೇಳಿದ್ದು 'ಆಯುಷ್ಮಾನ್ ಭಾರತ - ಆರೋಗ್ಯ ಕರ್ನಾಟಕ' ಕಾರ್ಡಿನ ವಿಷಯ. 2018ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕಾದರೆ ವೆಚ್ಚದ ಶೇ 30ರಷ್ಟು, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ. ಪಡಿತರ ಚೀಟಿಯಲ್ಲಿ ನಿಮ್ಮ ಹೆಸರು ಇನ್ನೂ ಇದೆಯೇ ಎಂದು ನಾವು ಕೇಳಿದೆವು. ಹದಿನಾಲ್ಕು ವರ್ಷಗಳಿಂದ ಪರದೇಶದಲ್ಲಿರುವ ಮನುಷ್ಯನಿಗೆ ಆ ಪ್ರಶ್ನೆ ನಾಡಿ ಪರೀಕ್ಷೆಗಿಂತ ದೊಡ್ಡದಾಗಿತ್ತು.

ಆ ರಾತ್ರಿ ಮನೆಗೆ ಬಂದಮೇಲೆ ನಮ್ಮನ್ನು ಕಾಡಿದ್ದು ಕಾರ್ಡಲ್ಲ, ಅದರ ಹಿಂದಿರುವ ಖಜಾನೆ.

ಮಿತವ್ಯಯವೆಂದರೇನೆಂದು ಬಹ್ರೈನಿನಲ್ಲಿರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2014ರಲ್ಲಿ ತೈಲದ ಬೆಲೆ ಕುಸಿಯಿತು. ಮರುವರ್ಷ ಮಾಂಸದ ಸಬ್ಸಿಡಿ ಹೋಯಿತು. 2019ರಲ್ಲಿ ಶೇ 5ರ ವ್ಯಾಟ್ ಬಂದು 2022ರಲ್ಲಿ ಶೇ 10 ಆಯಿತು. ನಮ್ಮ ತವರಿನಲ್ಲಿ ಅದು ಬರುವ ದಾರಿ ಬೇರೆ, ಅಲ್ಲಿ ಒಂದು ಸರ್ಕಾರದ ಬಿಗಿಮುಷ್ಟಿಯ ಪರಿಣಾಮವನ್ನು ಇನ್ನೊಂದು ಸರ್ಕಾರ ಅನುಭವಿಸುತ್ತದೆ. ಕೇಂದ್ರ ತೆರಿಗೆಯಲ್ಲಿ ರಾಜ್ಯಗಳಿಗೆಂದು ಹಂಚುವ ಪ್ರತಿ ನೂರು ರೂಪಾಯಿಯಲ್ಲಿ 14ನೆಯ ಹಣಕಾಸು ಆಯೋಗ ಕರ್ನಾಟಕಕ್ಕೆ 4 ರೂಪಾಯಿ 71 ಪೈಸೆ ಕೊಟ್ಟಿತ್ತು. 15ನೆಯ ಆಯೋಗ ಅದನ್ನು 3 ರೂಪಾಯಿ 65 ಪೈಸೆಗೆ ಇಳಿಸಿತು. ಸೆಸ್ಸು, ಸರ್‌ಚಾರ್ಜುಗಳಂತೂ ಹಂಚಿಕೆಗೇ ಬರುವುದಿಲ್ಲ. 15ನೆಯ ಆಯೋಗದ ಹಂಚಿಕೆಯ ಸೂತ್ರದಲ್ಲಿ ಶೇ 45ರಷ್ಟು ತೂಕ ತಲಾ ಆದಾಯದ ಅಂತರಕ್ಕಿತ್ತು. ಶ್ರೀಮಂತ ರಾಜ್ಯಕ್ಕೆ ಕಡಿಮೆ, ಬಡ ರಾಜ್ಯಕ್ಕೆ ಹೆಚ್ಚು. ನ್ಯಾಯವೇ ಸರಿ. ಆದರೆ ಬೆಂಗಳೂರಿನ ಆದಾಯ ನೋಡಿ ಕಡಿಮೆ ಮಾಡಿದ ಹಣದಲ್ಲಿ ಸೇಡಂ ತಾಲ್ಲೂಕಿನ ಪಾಲೂ ಇತ್ತು.

2024ರ ಫೆಬ್ರುವರಿಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಇದನ್ನೇ ಎತ್ತಿಕೊಂಡು ಸಂಪುಟದೊಡನೆ ದೆಹಲಿಯ ಜಂತರ್ ಮಂತರಿನಲ್ಲಿ ಧರಣಿ ಕುಳಿತರು. ಅದಕ್ಕೂ ಮುನ್ನ, 2023ರ ಜೂನಿನಲ್ಲಿ, ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿ ಕೊಳ್ಳಲು ಹೊರಟಾಗ ಆಹಾರ ನಿಗಮದಿಂದ ರಾಜ್ಯಗಳಿಗೆ ಮಾರಾಟವನ್ನು ಕೇಂದ್ರ ನಿಲ್ಲಿಸಿತ್ತು. ಕಿಲೋಗೆ 34 ರೂಪಾಯಿಯಂತೆ ನಗದು ಕೊಡಬೇಕಾಯಿತು. ಗ್ಯಾರಂಟಿಗಳಿಗೆ ದುಂದುವೆಚ್ಚ ಮಾಡಿ ನಮ್ಮನ್ನು ದೂರುತ್ತಾರೆಂದು ಆ ಕಡೆಯವರು, ಪಾಲು ಕಿತ್ತುಕೊಂಡು ಉಪದೇಶ ಮಾಡುತ್ತಾರೆಂದು ಈ ಕಡೆಯವರು. ನಮ್ಮ ಸಂಘದ ಚಹಾದ ಮೇಜಿನಲ್ಲೂ ಈ ಎರಡು ಪಕ್ಷಗಳಿವೆ, ನಿಮಗೆ ಗೊತ್ತು. ಎರಡರಲ್ಲೂ ಸತ್ಯವಿದೆ ಎಂದು ನಾವು ಹೇಳಿದಾಗ ಎರಡೂ ಕಡೆಯವರು ನಮ್ಮ ಮೇಲೆ ಮುನಿದರು.

ವೈದ್ಯರಾಗಿ ನಾವು ನೋಡುವ ಲೆಕ್ಕ ಬೇರೆ. 2005ರಲ್ಲಿ ಕರ್ನಾಟಕದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 50 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರಲ್ಲಿ ಆ ಸಂಖ್ಯೆ 19. ಲಕ್ಷ ಹೆರಿಗೆಗೆ 228 ಇದ್ದ ತಾಯಂದಿರ ಸಾವು, 2018-20ರ ಹೊತ್ತಿಗೆ 69. ಈ ಅವಧಿಯುದ್ದಕ್ಕೂ ರಾಜ್ಯ ತಾನೇ ಹಾಕಿಕೊಂಡ ಲಗಾಮಿನಲ್ಲಿತ್ತು: ವಿತ್ತೀಯ ಹೊಣೆಗಾರಿಕೆಯ ಕಾಯ್ದೆಯನ್ನು 2002ರಲ್ಲಿ ದೇಶದಲ್ಲೇ ಮೊದಲು ಮಾಡಿದ್ದು ಕರ್ನಾಟಕ. ಈ ಸಾಧನೆಯಲ್ಲಿ ದೆಹಲಿಯ ಗ್ರಾಮೀಣ ಆರೋಗ್ಯ ಅಭಿಯಾನದ ಹಣವೂ ಇದೆ, ಬಿಸಿಲಲ್ಲಿ ಮನೆಮನೆ ತಿರುಗಿದ ಆಶಾ ಕಾರ್ಯಕರ್ತೆಯರ ಕಾಲೂ ಇದೆ. ಅದೇ ಕಾರ್ಯಕರ್ತೆಯರು ತಿಂಗಳಿಗೆ ಹತ್ತು ಸಾವಿರ ರೂಪಾಯಿಯ ಖಾತ್ರಿಗಾಗಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಬೇಕಾಯಿತು. ಅದಕ್ಕೆ ಎರಡು ತಿಂಗಳ ಹಿಂದೆ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂತು. ಆ ಸುದ್ದಿ ಓದಿದ ದಿನ ನಮಗೆ ಊಟ ಸೇರಲಿಲ್ಲ. ನಮ್ಮ ಕೈಯಿಂದಲೇ ಎಷ್ಟು ಸಾವಿರ ಬಾಟಲಿ ಏರಿಸಿದ್ದೇವೆಯೋ!

ಇನ್ನೊಂದು ಮಾತು ಹೇಳದಿದ್ದರೆ ಪಕ್ಷಪಾತವಾದೀತು. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು, ಅಬ್ದುಲ್ ನಜೀರ್ ಸಾಬರ ದೆಸೆಯಿಂದ ಹಳ್ಳಿಯವರ ಕೈಗೆ ಅಧಿಕಾರ ಬಂದಾಗ, ಬರದಿಂದ ಕಂಗೆಟ್ಟಿದ್ದ ಊರುಗಳಲ್ಲಿ ಕೊಳವೆಬಾವಿಗಳು ಬಂದವು. ಜನ ಅವರನ್ನು 'ನೀರ್ ಸಾಬ್' ಎಂದರು. ಆಸ್ಪತ್ರೆಗೆ ಡಾಕ್ಟರು ಬಂದಿದ್ದಾರೋ ಇಲ್ಲವೋ ಎಂದು ನೋಡಲು ಊರಿನ ಸದಸ್ಯನೇ ಬಂದು ನಿಲ್ಲುತ್ತಿದ್ದ. ಈಗಿನ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ದೆಹಲಿ ತನ್ನ ಪಾಲು ಕೊಡುತ್ತಿಲ್ಲ ಎನ್ನುವ ಬೆಂಗಳೂರು, ಜಿಲ್ಲೆಗಳ ಪಾಲನ್ನು ತಾನೇ ಇಟ್ಟುಕೊಂಡು ಕುಳಿತಿದೆ.

ಇದನ್ನು ಹೇಳಲು ನಮಗೇನು ಹಕ್ಕು ಎಂದು ಯಾರಾದರೂ ಕೇಳಿದರೆ ಉತ್ತರ ಕಷ್ಟ. ನಾವು ಎಂಬಿಬಿಎಸ್ ಓದಿದ್ದು ಸರ್ಕಾರಿ ಕಾಲೇಜಿನಲ್ಲಿ, ಇಂದು ನೆನೆದರೆ ನಗು ಬರುವಷ್ಟು ಕಡಿಮೆ ಶುಲ್ಕಕ್ಕೆ. ಗ್ರಾಮೀಣ ಸೇವೆ ಕಡ್ಡಾಯವೆಂಬ 2012ರ ಕಾಯ್ದೆ ಬರುವ ಮೊದಲೇ ನಾವು ವಿಮಾನ ಹತ್ತಿಯಾಗಿತ್ತು.

ಸೇಡಂನವರ ಅದೃಷ್ಟ ಚೆನ್ನಾಗಿತ್ತು. ಕಳೆದ ಬಾರಿ ರಜೆಗೆ ಹೋದಾಗ ಅಣ್ಣನ ಒತ್ತಾಯಕ್ಕೆ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಟ್ಟಿದ್ದರಿಂದ ಹೆಸರು ಉಳಿದಿತ್ತು. ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಒಂದು ಸ್ಟೆಂಟ್ ಹಾಕಿದರು. 2024ರ ಡಿಸೆಂಬರಿನಲ್ಲಿ ತೆರೆದ ಅಲ್ಲಿಯ ಹೊಸ ಕಟ್ಟಡದಲ್ಲಿ ಹಾಸಿಗೆಗಳ ಸಂಖ್ಯೆ 371, ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ವಿಧಿಯ ಅಂಕೆಯೇ. "ಒಂದ್ ರೂಪಾಯಿನೂ ತಗೊಳ್ಲಿಲ್ಲ ನೋಡ್ರಿ" ಎಂದು ಫೋನಿನಲ್ಲಿ ಹೇಳಿ, ಗುಳಿಗೆ ವರ್ಷಪೂರ್ತಿ ನುಂಗಲೇಬೇಕೇ ಎಂದು ಕೇಳಿದರು. ನುಂಗಲೇಬೇಕು ಎಂದೆವು.

ಮುಂದಿನ ಶುಕ್ರವಾರ ಅವರ ಕೋಣೆಯ ನಾಲ್ವರು ಬಂದು ಸಾಲಾಗಿ ಕುಳಿತರು. ಯಾರಿಗೂ ಕಾಯಿಲೆಯಿರಲಿಲ್ಲ. ಮೊಬೈಲಿನಲ್ಲಿದ್ದ ಪಡಿತರ ಚೀಟಿಯ ಚಿತ್ರವನ್ನು ಹಿಗ್ಗಿಸಿ, ಹೆಸರು ಇದೆಯೇ ನೋಡಿ ಎಂದರು. ಸ್ಟೆತಾಸ್ಕೋಪನ್ನು ಕೊರಳಲ್ಲೇ ಬಿಟ್ಟು ಕನ್ನಡಕ ಹಾಕಿಕೊಂಡು ಓದಿದೆವು. ಇಬ್ಬರದು ಇತ್ತು.