ಹತ್ತಕ್ಕೆ ಐದು

ದೇವದುರ್ಗದ ನನ್ನ ತಂಗಿಯ ಮೊಮ್ಮಗಳು 32ನೆಯ ವಾರಕ್ಕೇ ಹುಟ್ಟಿದಳು. ತೂಕ 1,400 ಗ್ರಾಂ. ರಾಯಚೂರಿನ ಆಸ್ಪತ್ರೆಗೆ ಧಾವಿಸಿದಾಗ ಚೀಟಿಯಲ್ಲಿ ‘ಆಪ್ಗಾರ್ 5’ ಎಂದಿತ್ತು. ಹತ್ತಕ್ಕೆ ಐದು! ಮಾಸ್ತರನ ಮನಸ್ಸು ಕುಗ್ಗಿತು.

ಉಸಿರು, ಹೃದಯಬಡಿತ, ಮೈಬಣ್ಣ, ಸ್ನಾಯುಗಳ ಬಿಗಿ, ಪ್ರತಿಕ್ರಿಯೆ ಇವೈದಕ್ಕೆ ಅಂಕವಿಡುವ ಕ್ರಮವನ್ನು 1952ರಲ್ಲಿ ರೂಪಿಸಿದವರು ಅಮೆರಿಕದ ವೈದ್ಯೆ ವರ್ಜೀನಿಯಾ ಆಪ್ಗಾರ್. ಅಲ್ಲಿ ನರ್ಸ್ ಆಗಿದ್ದ ಮಾನ್ವಿಯ ನನ್ನ ಹಳೆಯ ವಿದ್ಯಾರ್ಥಿನಿ, “ಸರ್, ಅದು ಆ ಹೊತ್ತಿನ ಲೆಕ್ಕ ಅಷ್ಟ, ಹಣೆಬರಹ ಅಲ್ರಿ. ತಿಂಗಳು ತುಂಬೋದ್ರಾಗ ಕಣ್ಣು ಪರೀಕ್ಷೆ ಮಾಡಸ್ರಿ” ಎಂದಳು.

ತೂಕ ಏರಿತೆಂದು ಮನೆಯವರು ಪರೀಕ್ಷೆಯನ್ನು ಮುಂದೂಡುವವರಿದ್ದರು. ಹಠ ಹಿಡಿದು ಕರೆದೊಯ್ದೆ. ಅಕ್ಷಿಪಟಲದ ರಕ್ತನಾಳಗಳಲ್ಲಿ ದೋಷವಿತ್ತು. ಲೇಸರ್ ಚಿಕಿತ್ಸೆಯಿಂದ ದೃಷ್ಟಿ ಉಳಿಯಿತು.

ಮೊದಲ ಕಿರುಪರೀಕ್ಷೆಯ ಅಂಕ ನೋಡಿ ನಿಮ್ಮಲ್ಲಿ ಯಾರ ಭವಿಷ್ಯವನ್ನಾದರೂ ನಾನು ನುಡಿದಿದ್ದರೆ, ಮಕ್ಕಳೇ, ಕ್ಷಮಿಸಿರಿ.