ಸ್ಟಾಕ್‌ಹೋಮಿನ ತಂದೆಯರು

ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮ್ ನಗರವು 14 ದ್ವೀಪಗಳ ಮೇಲೆ ಹರಡಿಕೊಂಡಿರುವುದು. ಪಶ್ಚಿಮಕ್ಕೆ ಮೇಲಾರೆನ್ ಸರೋವರದ ಸಿಹಿನೀರು, ಪೂರ್ವಕ್ಕೆ ಬಾಲ್ಟಿಕ್ ಸಮುದ್ರದ ಸವುಳುನೀರು, ನಡುವೆ ಎಲ್ಲಿ ನೋಡಿದರೂ ಸೇತುವೆಗಳು. ಅಲ್ಲಿಯ ಅರಮನೆ, ಹಳೆಯ ಪೇಟೆಯ ಇಕ್ಕಟ್ಟಾದ ವೀಥಿಗಳು, ವಸ್ತುಸಂಗ್ರಹಾಲಯಗಳು ಇವುಗಳ ವರ್ಣನೆಯನ್ನು ವಾಚಕರು ಬೇರೆಡೆ ಓದಿರಬಹುದಾದ್ದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ. ನನ್ನ ಕಣ್ಣನ್ನು ಸೆಳೆದದ್ದು ಬೇರೊಂದು. ಕಚೇರಿಯ ವೇಳೆಯಾದ ಹಗಲು ಹತ್ತು ಹನ್ನೊಂದು ಗಂಟೆಗೆ ಬೀದಿಗಿಳಿದರೆ, ಮೂವತ್ತು ಮೂವತ್ತೈದು ವಯಸ್ಸಿನ ದೃಢಕಾಯರಾದ ಗಂಡಸರು ಮಕ್ಕಳ ತಳ್ಳುಗಾಡಿಗಳನ್ನು ನೂಕಿಕೊಂಡು ಸಾವಕಾಶವಾಗಿ ನಡೆಯುತ್ತಿರುವರು. ಒಬ್ಬಿಬ್ಬರಲ್ಲ, ಒಂದು ಬೀದಿ ದಾಟುವಷ್ಟರಲ್ಲಿ ಏಳೆಂಟು ಮಂದಿ.

ನಾವು ದಂಪತಿಗಳು ಕಳೆದ ಅಕ್ಟೋಬರಿನಲ್ಲಿ ಮಗನ ಮನೆಗೆಂದು ಅಲ್ಲಿಗೆ ಹೋಗಿದ್ದೆವು. ಅವನು ಯಂತ್ರಶಿಲ್ಪಿ, ಸೊಸೆಗೂ ಉದ್ಯೋಗವುಂಟು. ಮೊಮ್ಮಗನಿಗೆ ಹತ್ತು ತಿಂಗಳಾದ ಮೇಲೆ ಸೊಸೆಯು ಕೆಲಸಕ್ಕೆ ಮರಳಿದ್ದಳು, ಮಗನು ಆರು ತಿಂಗಳು ರಜೆ ಪಡೆದು ಮನೆಯಲ್ಲಿದ್ದನು. ನನ್ನಾಕೆಗೆ ಇದು ಸರಿಬೀಳಲಿಲ್ಲ. “ಅಲ್ಲವೋ, ಗಂಡಸು ಮಗುವನ್ನಾಡಿಸುತ್ತ ಕೂತರೆ ಕಚೇರಿ ಕೆಲಸ ಯಾರು ನೋಡಬೇಕು?” ಎಂದು ಕೇಳಿದಳು. “ಇನ್ನೊಬ್ಬರು ನೋಡುತ್ತಾರಮ್ಮ. ಅವರ ಸರದಿ ಬಂದಾಗ ನಾನು ನೋಡುತ್ತೇನೆ” ಎಂದು ಅವನು ಮಗುವಿಗೆ ಕಾಲುಚೀಲ ತೊಡಿಸುತ್ತಲೇ ಉತ್ತರಕೊಟ್ಟನು.

ಪ್ರತಿದಿನವೂ ನಾವು ಮೂವರು, ತಳ್ಳುಗಾಡಿಯೊಳಗೆ ನಾಲ್ಕನೆಯವನು, ವಾಸಾಪಾರ್ಕೆನ್ ಎಂಬ ಉದ್ಯಾನಕ್ಕೆ ಹೋಗುತ್ತಿದ್ದೆವು. ಮಕ್ಕಳ ಕಥೆಗಳಿಂದ ಜಗತ್ತಿಗೆಲ್ಲ ಪರಿಚಿತಳಾದ ಆಸ್ಟ್ರಿಡ್ ಲಿಂಡ್‌ಗ್ರೆನ್ ಎಂಬ ಲೇಖಕಿಯು 1941ರಿಂದ 2002ರಲ್ಲಿ ತೀರಿಕೊಳ್ಳುವವರೆಗೂ ಈ ಉದ್ಯಾನದ ಎದುರಿನ ಮನೆಯಲ್ಲಿಯೇ ವಾಸವಾಗಿದ್ದಳು. ಮರಗಳ ಎಲೆ ಹಳದಿಗೆ ತಿರುಗಿ ನೆಲವೆಲ್ಲ ಹಾಸಿತ್ತು. ಮರಳುಗುಂಡಿಯ ಸುತ್ತ ತಂದೆಯರು ಕುಕ್ಕರುಗಾಲಿನಲ್ಲಿ ಕುಳಿತು, ಒಬ್ಬರು ಮೂಗೊರೆಸುತ್ತ, ಒಬ್ಬರು ಬಾಳೆಹಣ್ಣು ಹಿಸುಕುತ್ತ, ನಿದ್ರೆ, ಹಲ್ಲು, ಜ್ವರ ಇವುಗಳ ವಿಚಾರವಾಗಿ ಮಾತನಾಡುವರು. ನಮ್ಮಲ್ಲಿ ಕೊಳಾಯಿಯ ಬಳಿ ಹೆಂಗಸರು ಆಡುವ ಮಾತೇ ಅದು. ಮಗು ನಿದ್ದೆಹೋದರೆ ಗಾಡಿಯಲ್ಲಿಯೇ ಹೊದಿಸಿ ಹೊರಗಿನ ಚಳಿಯಲ್ಲಿ ಮಲಗಲು ಬಿಡುವರು. ಇದನ್ನು ಕಂಡು ನನ್ನಾಕೆಯು ಎರಡು ದಿನ ಮಗನೊಡನೆ ಮಾತು ಬಿಟ್ಟಳು.

ಈ ವ್ಯವಸ್ಥೆಯು ಹುಟ್ಟಿದ ಬಗೆಯನ್ನು ಕೇಳಿ ತಿಳಿದೆನು. 1974ರಲ್ಲಿ ಆ ದೇಶವು ತಾಯಿಗೆ ಮಾತ್ರವಿದ್ದ ಹೆರಿಗೆ ರಜೆಯನ್ನು ತೆಗೆದು, ತಂದೆತಾಯಿಗಳಿಬ್ಬರಿಗೂ ಸಲ್ಲುವ ವಿಮೆಯನ್ನಾಗಿ ಮಾಡಿತು. ಕಾನೂನು ಬಂದಿತು, ಗಂಡಸರು ಬರಲಿಲ್ಲ. ಮೊದಲ ವರ್ಷ ಅವರು ಪಡೆದ ದಿನಗಳು ನೂರಕ್ಕೆ ಒಂದಂಶವೂ ಆಗಲಿಲ್ಲ. 1978ರಲ್ಲಿ ಲೆನ್ನಾರ್ಟ್ ಡಾಲ್‌ಗ್ರೆನ್ ಎಂಬ ಭಾರಎತ್ತುವ ಜಟ್ಟಿಯ ತೋಳಿನಲ್ಲಿ ಕೂಸನ್ನು ಕೂರಿಸಿ ಚಿತ್ರ ತೆಗೆದು ಎಲ್ಲೆಡೆ ಅಂಟಿಸಿದರು. ಜಟ್ಟಿಯಿಂದಲೂ ಹೆಚ್ಚು ಪ್ರಯೋಜನವಾಗಲಿಲ್ಲ. ತನ್ನ ದಿನಗಳನ್ನು ಹೆಂಡತಿಗೆ ಬರೆದುಕೊಡುವ ಅವಕಾಶವಿದ್ದುದರಿಂದ ಗಂಡನು ಬರೆದುಕೊಟ್ಟು ಸುಮ್ಮನಾಗುತ್ತಿದ್ದನು. 1995ರಲ್ಲಿ 30 ದಿನಗಳನ್ನು ಒಬ್ಬೊಬ್ಬರಿಗೂ ಮೀಸಲಾಗಿಟ್ಟರು. ಬಳಸದಿದ್ದರೆ ಅವು ನಷ್ಟ. 2002ರಲ್ಲಿ ಅದು 60 ಆಯಿತು, 2016ರಲ್ಲಿ 90. ಈಗ ಒಂದು ಮಗುವಿಗೆ ಒಟ್ಟು 480 ದಿನ, ಅದರಲ್ಲಿ 390 ದಿನ ಸಂಬಳದ ಸುಮಾರು ನೂರಕ್ಕೆ ಎಂಬತ್ತರಷ್ಟು ಹಣ, ಒಂದು ಮಿತಿಯವರೆಗೆ, ದೊರೆಯುವುದು. ಇಷ್ಟಾದರೂ ತಂದೆಯರ ಪಾಲು ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿಯೇ ಇದೆ. ಸ್ವರ್ಗವೆಲ್ಲಿಯೂ ಇಲ್ಲ.

1 ಜುಲೈ 2024ರಿಂದ ತಂದೆತಾಯಿಗಳು ತಮ್ಮ ಪಾಲಿನ 45 ದಿನಗಳವರೆಗೆ ಅಜ್ಜ ಅಜ್ಜಿಯರಂಥವರಿಗೂ ಕೊಡಬಹುದಾಗಿದೆ. ಆದರೆ ಆ ದೇಶದ ವಿಮೆಗೆ ಸೇರಿದವರಿಗಷ್ಟೇ. ನಾವು ಮೊಮ್ಮಗನನ್ನು ಎತ್ತಿಕೊಂಡದ್ದಕ್ಕೆ ಒಂದು ಕ್ರೋನವೂ ಬರಲಿಲ್ಲ!

ಈ ಎಲ್ಲದರಲ್ಲಿ ಮುಖ್ಯವೆಂದು ನನಗೆ ತೋರಿದ ಸಂಗತಿ ಹಣದ ದಾರಿ. ಅಲ್ಲಿ ಪ್ರತಿಯೊಬ್ಬ ನೌಕರನ ಸಂಬಳದ ಮೇಲೂ, ಗಂಡಾಗಲಿ ಹೆಣ್ಣಾಗಲಿ, ಯಜಮಾನನು ಒಂದಂಶವನ್ನು ಸರ್ಕಾರಕ್ಕೆ ಕಟ್ಟುವನು. ರಜೆಯ ಹಣ ಆ ನಿಧಿಯಿಂದ ಬರುವುದು. ಬಸುರಿಯನ್ನು ಕೆಲಸದಲ್ಲಿಟ್ಟುಕೊಂಡವನಿಗೆ ಹೆಚ್ಚಿನ ದಂಡವಿಲ್ಲ. ನಮ್ಮಲ್ಲಿ 2017ರ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಅದು ಸಂತೋಷದ ವಿಷಯವೇ. ಆದರೆ ಖಾಸಗಿ ಸಂಸ್ಥೆಗಳಲ್ಲಿ ಬಹುಮಟ್ಟಿಗೆ ಆ ಭಾರ ಯಜಮಾನನ ಮೇಲೆಯೇ ಬೀಳುವುದರಿಂದ, ಮದುವೆಯಾದ ಹುಡುಗಿಯ ಅರ್ಜಿಯನ್ನು ಅವನು ಮಗುಚಿಡುವನು. ಕೇಂದ್ರ ಸರ್ಕಾರದ ಗಂಡು ನೌಕರನಿಗೆ 15 ದಿನ ಉಂಟು. ಖಾಸಗಿಯವನಿಗೆ ಯಜಮಾನನು ಕೃಪೆಮಾಡಿದಷ್ಟು. ರಕ್ಷಿಸು ಎಂಬರ್ಥದ ‘ಪಾ’ ಧಾತುವಿನಿಂದ ‘ಪಿತೃ’ ಶಬ್ದವನ್ನು ಸಾಧಿಸಿದ ವೈಯಾಕರಣರು ಹದಿನೈದು ದಿನದ ರಕ್ಷಣೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರಲಾರರು.

ಇದನ್ನು ನಾನು ಇಷ್ಟು ಬಿಸಿಯಾಗಿ ಬರೆಯಲು ಕಾರಣವುಂಟು. ಮೈಸೂರಿನಲ್ಲಿರುವ ನನ್ನ ಮಗಳು ಆರು ತಿಂಗಳ ರಜೆ ಮುಗಿಸಿ ಕೆಲಸಕ್ಕೆ ಮರಳಿದವಳು, ಮೂರು ತಿಂಗಳಲ್ಲಿ ರಾಜೀನಾಮೆ ಕೊಟ್ಟಳು. ಮಗುವಿಗೆ ಜ್ವರ ಬಂದಾಗಲೆಲ್ಲ ರಜೆ ಹಾಕಿದವಳು ಅವಳೇ, ಅಳಿಯನು ಒಂದು ದಿನ ಕೇಳಿದ್ದಕ್ಕೆ ಅವನ ಮೇಲಧಿಕಾರಿಯು “ಮನೆಯಲ್ಲಿ ಹೆಂಗಸರು ಇಲ್ಲವೇ?” ಎಂದನಂತೆ. ಎಂಟು ವರ್ಷದ ಕೆಲಸವದು. ಅಣ್ಣನು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಅಡಿಗೆ ಮಾಡುವ ಚಿತ್ರವನ್ನು ನಾವು ಅಲ್ಲಿಂದ ಕಳುಹಿಸಿದಾಗ, ಅವಳು ಅದಕ್ಕೆ ಎರಡು ದಿನ ಏನನ್ನೂ ಬರೆಯಲಿಲ್ಲ.

ಊರಿಗೆ ಬಂದ ಮೇಲೆ ಅವಳು ಮತ್ತೆ ಎರಡು ಕಡೆ ಅರ್ಜಿ ಹಾಕಿರುವಳು. ಮುಂದಿನ ಸೋಮವಾರ ಸಂದರ್ಶನ. ಅಂದು ಅಳಿಯನು ಅರ್ಧ ದಿನ ರಜೆ ಕೇಳುವುದಾಗಿಯೂ, ಅವನು ಬರುವವರೆಗೆ ಮೊಮ್ಮಗಳನ್ನು ನಾನು ನೋಡಿಕೊಳ್ಳುವುದಾಗಿಯೂ ಗೊತ್ತಾಗಿದೆ. “ಅಪ್ಪ, ಅವಳಿಗೆ ಅನ್ನ ತಿನ್ನಿಸಲು ಒಂದು ಗಂಟೆ ಬೇಕು, ಹಾದಿಬೀದಿಯೆಲ್ಲ ತಿರುಗಿಸಬೇಕು” ಎಂದು ಮಗಳು ಎಚ್ಚರಿಸಿದ್ದಾಳೆ.